ಕತ್ತರಿಯಕ್ಕನ ಒಂದು ಗಂಟೆ

ಕತ್ತರಿಯಕ್ಕ ಎಂಬುದು ಗಿರಾಕಿಗಳು ಇಟ್ಟ ಹೆಸರು. ಅರ್ಧ ಅವಳ ಕೆಲಸಕ್ಕೆ, ಅರ್ಧ ಅವಳ ನಾಲಿಗೆಗೆ. ಬಸ್ ನಿಲ್ದಾಣದ ಹಿಂದಿನ ಬೀದಿಯಲ್ಲಿ, ಚಪ್ಪಲಿ ಅಂಗಡಿಯ ಪಕ್ಕದ ಇಕ್ಕಟ್ಟಾದ ಮೆಟ್ಟಿಲು ಹತ್ತಿದರೆ ಅವಳ ಹೊಲಿಗೆ ಕೋಣೆ: ಎರಡು ಮಿಷನ್ನು, ಒಂದು ಉದ್ದನೆಯ ಮೇಜು, ಒಂದು ಕಿಟಕಿ, ಕೆಳಗಡೆ ಬಿರುಕು ಬಿಟ್ಟ ಆಳೆತ್ತರದ ಕನ್ನಡಿ. ಕೋಟು ಹೊಲಿಯುವುದರಲ್ಲಿ ಅವಳನ್ನು ಮೀರಿಸುವವರು ಆ ಊರಲ್ಲಿ ಇರಲಿಲ್ಲ. ಹಾಗಂತ ಅವಳೇ ಹೇಳುತ್ತಿದ್ದಳು, ಯಾರೂ ಎದುರಾಡುತ್ತಿರಲಿಲ್ಲ. ಹೊಟ್ಟೆ ಬಂದ ಗುಮಾಸ್ತರೊಬ್ಬರು ಹೋದ ವರ್ಷದ ಅಳತೆಗೇ ಹೊಲಿಯಮ್ಮ ಎಂದರೆ, ಹೊಟ್ಟೆಯನ್ನು ಮನೆಯಲ್ಲಿ ಬಿಟ್ಟು ಬನ್ನಿ, ಹೊಲಿಯುತ್ತೇನೆ ಎನ್ನುವಳು. ಸಿಟ್ಟು ಅವಳಿಗೆ ಮೂಗಿನ ತುದಿಯಲ್ಲೇ ಇತ್ತು, ಬಂದಷ್ಟೇ ಬೇಗ ಇಳಿಯುತ್ತಿತ್ತು. ಆದರೆ ಇಲ್ಲಿ ಹೇಳಹೊರಟಿರುವ ಸಿಟ್ಟು ಬೇರೆ. ಅದು ಇಳಿಯಲಿಲ್ಲ, ಇಳಿಯಬೇಕಾಗಿಯೂ ಇರಲಿಲ್ಲ. ಅದಕ್ಕೆ ಕಾರಣ ಒಂದು ಹಾಡು.

ಅವಳ ಗಂಡ ಪಂಪು ರಿಪೇರಿ ಮಾಡುವವನು. ಆಗೆಲ್ಲ ಗಡಿ ಎಂದರೆ ಒಂದು ಅಡ್ಡಮರ, ಒಂದು ಚೀಟಿ, ಆಕಳಿಸುತ್ತಾ ಕೂತ ಇಬ್ಬರು ಕಾವಲುಗಾರರು. ಬೆಳಿಗ್ಗೆ ಆ ಕಡೆ ಹೋಗಿ ಕೆಲಸ ಮುಗಿಸಿ ಸಂಜೆಗೆ ಈ ಕಡೆ ಬಂದು ಊಟ ಮಾಡುವವರು ನೂರಾರು ಜನ ಇದ್ದರು. ಹನ್ನೊಂದು ವರ್ಷದ ಹಿಂದೆ ಒಂದು ಬೆಳಿಗ್ಗೆ ಅವನು ಯಾವುದೋ ಗಿರಣಿಯ ಪಂಪು ನೋಡಲು ಹೋದ. ಮಧ್ಯಾಹ್ನ ಎರಡೂ ಕಡೆಯ ದೊಡ್ಡವರು ಜಗಳವಾಡಿಕೊಂಡರು. ಸಂಜೆ ಅಡ್ಡಮರ ಇಳಿದದ್ದು ಮತ್ತೆ ಏಳಲಿಲ್ಲ. ಆಮೇಲೆ ಅಡ್ಡಮರದ ಜಾಗದಲ್ಲಿ ತಂತಿಬೇಲಿ ಬಂತು, ಒಂದಲ್ಲ, ಎರಡು. ಸಿಕ್ಕಿಹಾಕಿಕೊಂಡವರನ್ನು ಕಾಗದ ನೋಡಿ ವಾಪಸು ಕಳಿಸಿದರು. ಇವನ ಕಾಗದದಲ್ಲಿ ಹುಟ್ಟಿದ ಊರು ಆ ಕಡೆಯದಾಗಿತ್ತು, ಏಕೆಂದರೆ ಅವನ ತಾಯಿ ಹೆರಿಗೆಗೆ ತನ್ನ ಅಕ್ಕನ ಮನೆಗೆ ಹೋಗಿದ್ದಳು, ಅಕ್ಕನ ಮನೆ ಅಲ್ಲಿತ್ತು. ಹುಟ್ಟಿದ ಹದಿನೈದನೆಯ ದಿನಕ್ಕೆ ಈ ಕಡೆ ಬಂದು ಇಲ್ಲೇ ಬೆಳೆದು, ಇಲ್ಲೇ ಓದಿ, ಇಲ್ಲೇ ಮದುವೆಯಾದವನನ್ನು ಇಲ್ಲಿನ ಕಚೇರಿ ನಮ್ಮವನಲ್ಲ ಎಂದಿತು. ಅಲ್ಲಿನ ಕಚೇರಿ ನಮ್ಮವನೇ, ಬಿಡುವುದಿಲ್ಲ ಎಂದಿತು. ಎರಡು ಕಚೇರಿಗಳು ಒಂದು ಮಾತಿಗೆ ಒಪ್ಪಿದ್ದನ್ನು ಕತ್ತರಿಯಕ್ಕ ಕಂಡದ್ದು ಅದೊಂದೇ ಸಲ.

ಬಹಳ ಅರ್ಜಿ, ಬಹಳ ಅಲೆದಾಟದ ಮೇಲೆ ಸಿಕ್ಕಿದ್ದು ಒಂದು ಗಂಟೆ. ತಿಂಗಳ ಮೊದಲನೆಯ ಭಾನುವಾರ, ಬೆಳಿಗ್ಗೆ ಹತ್ತರಿಂದ ಹನ್ನೊಂದು. ಪಟ್ಟಿಯಲ್ಲಿ ಹೆಸರಿದ್ದ ನಲವತ್ತು ಮನೆಯವರು ಈ ಬೇಲಿಯ ಹತ್ತಿರ, ಅವರ ಕಡೆಯವರು ಆ ಬೇಲಿಯ ಹತ್ತಿರ. ನಡುವೆ ಮೂವತ್ತು ಅಡಿ ಬರೀ ನೆಲ. ಕೊಡುವಂತಿಲ್ಲ, ಎಸೆಯುವಂತಿಲ್ಲ, ಬರೆದು ತೋರಿಸುವಂತಿಲ್ಲ, ಮಾತಾಡಬಹುದು. ನಲವತ್ತು ಮನೆಯವರು ಒಟ್ಟಿಗೇ ಕಿರುಚಿದರೆ ಯಾರ ಮಾತು ಯಾರಿಗೆ ತಲುಪಬೇಕು? ಒಂದು ವಾಕ್ಯವನ್ನು ಮೂರು ಸಲ ಹೇಳಬೇಕಿತ್ತು. ಹಾಗೆ ನೋಡಿದರೆ ಅದು ಒಂದು ಗಂಟೆಯೂ ಅಲ್ಲ, ಇಪ್ಪತ್ತು ನಿಮಿಷ. ಅದರಲ್ಲಿ ಹತ್ತು ನಿಮಿಷ ಅತ್ತೆಗೆ.

ಅತ್ತೆಗೆ ಮಂಡಿನೋವು, ಬೇಲಿಯ ತನಕ ಬರಲಾಗದು. ತಿಂಗಳಿಡೀ ಮಗನಿಗೆ ಹೇಳಬೇಕಾದ್ದನ್ನು ಒಂದೊಂದಾಗಿ ಸೊಸೆಯ ಕಿವಿಗೆ ತುಂಬುವರು. ಚಪ್ಪಲಿ ಸವೆದಿದ್ದರೆ ಬದಲಾಯಿಸಲಿ, ಮನೆಯೊಳಗೆ ಮಲಗುವ ನಾಯಿಯನ್ನು ಹೊರಗೆ ಹಾಕಲಿ, ಬಿಸಿಲಲ್ಲಿ ಪಂಪಿನ ಮೇಲೆ ಬಗ್ಗಿ ನಿಲ್ಲದಿರಲಿ. ನಿಮ್ಮ ಮಗನಿಗೆ ನಲವತ್ತೈದು ವರ್ಷ, ಗೊತ್ತಿದೆಯಾ ಎಂದು ಸೊಸೆ ಕೇಳಿದರೆ, "ನಿಂಗೆ ಹೇಗೂ ಕಿರುಚೋಕೆ ಬರುತ್ತಲ್ಲ, ಹೇಳಿಬಿಡು" ಎನ್ನುವರು. ಬೈದುಕೊಂಡೇ ಹೋಗಿ ಎಲ್ಲವನ್ನೂ ಹೇಳಿಬರುವಳು. ಸಂಜೆ ಅತ್ತೆಯ ಮಂಚದ ಪಕ್ಕ ಕೂತು ಅವನು ಹೇಳಿದ್ದನ್ನೆಲ್ಲ ಒಪ್ಪಿಸುವಳು, ಅವನು ನಕ್ಕಿದ್ದೂ ಸೇರಿ. ಆ ತಾಯಿಗೂ ಮಗನಿಗೂ ನಡುವೆ ಇದ್ದ ದಾರಿ ಇವಳ ಗಂಟಲು ಒಂದೇ. ಫೋನು ಗಡಿ ದಾಟುತ್ತಿರಲಿಲ್ಲ. ಕಾಗದ ಹಾಕಿದರೆ ಎರಡೂ ಕಡೆಯವರು ಒಡೆದು ಓದಿ ಮುಗಿಸುವಷ್ಟರಲ್ಲಿ ವರ್ಷ ತುಂಬುತ್ತಿತ್ತು. ಅಪ್ಪಣೆ ಕೇಳದೆ ದಾಟುತ್ತಿದ್ದದ್ದು ಕಾಗೆ, ಗಾಳಿ ಮತ್ತು ರೇಡಿಯೋ.

ಅವಳಿಗೆ ಕೆಲಸ ಕಲಿಸಿದ ಮುದುಕ ದರ್ಜಿ ಒಂದು ಪಾಠ ಹೇಳಿಕೊಟ್ಟಿದ್ದ. ನೆಟ್ಟಗೆ ನಿಲ್ಲದ ಗಿರಾಕಿಗೆ ಕಥೆ ಹೇಳು. ಕಿವಿ ನಿಂತರೆ ಮೈಯೂ ನಿಲ್ಲುತ್ತದೆ. ಕೋಟಿಗೆ ಗುಂಡುಸೂಜಿ ಚುಚ್ಚಿ ಹೆಗಲು ಕೂರಿಸುವಾಗ ಮುಕ್ಕಾಲು ಗಂಟೆ ಗಿರಾಕಿ ಕದಲಬಾರದು. ಅದಕ್ಕೆಂದೇ ಅವಳ ಹತ್ತಿರ ಊರವರ ಕಥೆಗಳ ಸಂಗ್ರಹವಿತ್ತು: ಇಬ್ಬರು ಹೆಂಡಿರಿಗೂ ಒಂದೇ ಬಟ್ಟೆಯಲ್ಲಿ ಹೊಲಿಸಿ ಸಿಕ್ಕಿಬಿದ್ದವನು, ಮದುಮಗನ ಕೋಟನ್ನು ಹಾಕಿಕೊಂಡು ಓಡಿಹೋದ ಅವನ ತಮ್ಮ. ತನ್ನದನ್ನು ಮಾತ್ರ ಹೇಳುತ್ತಿರಲಿಲ್ಲ.

ಒಂದು ಸೋಮವಾರ ಆ ಹಾಡುಗಾರ ಬಂದ. ಮೂವತ್ತರ ಹತ್ತಿರದವನು, ತಲೆಗೂದಲಿಗೆ ಕೆಂಪು ಬಣ್ಣ, ವೇದಿಕೆಗೆ ಕೋಟು ಬೇಕಿತ್ತು. ನಿಂತಲ್ಲಿ ನಿಲ್ಲುವ ಜಾತಿಯಲ್ಲ. ಹೆಗಲು ಕುಣಿಸುವನು, ಕಾಲಲ್ಲಿ ತಾಳ ಹಾಕುವನು, ಎರಡು ಸಲ ಸೂಜಿ ಚುಚ್ಚಿಸಿಕೊಂಡ. ಹಿಂದಿನ ದಿನವಷ್ಟೇ ಬೇಲಿಗೆ ಹೋಗಿಬಂದಿದ್ದಳು. ಬಾಯಲ್ಲಿ ಸೂಜಿ, ಕೈಯಲ್ಲಿ ಸೀಮೆಸುಣ್ಣ, ಎದೆಯಲ್ಲಿ ನಿನ್ನೆಯ ಗಂಟೆ. ಕಥೆ ಎಂದು ಬಾಯಿ ತೆರೆದರೆ ಹೊರಬಂದದ್ದು ಅವಳದ್ದೇ. ತಿಂಗಳು ತಿಂಗಳೂ ಗಂಡನನ್ನು ಮೂವತ್ತು ಅಡಿ ದೂರದಿಂದ ಕಣ್ಣಲ್ಲೇ ಅಳೆಯುತ್ತಾಳೆ. ಎದೆ ನಲವತ್ತಿದ್ದದ್ದು ಮೂವತ್ತೆಂಟಕ್ಕೆ ಇಳಿದಿದೆ, ಎಡ ಹೆಗಲು ಅರ್ಧ ಇಂಚು ಜೋತಿದೆ. ಆ ಅಳತೆಗೆ ವರ್ಷಕ್ಕೊಂದು ಅಂಗಿ ಹೊಲಿದು ಬೀರುವಿನಲ್ಲಿ ಇಡುತ್ತಾಳೆ. ಹನ್ನೊಂದು ಅಂಗಿ ಇವೆ. ಹಾಡುಗಾರ ಕಲ್ಲಾಗಿ ನಿಂತ. ಹೆಗಲು ಸೊಗಸಾಗಿ ಕೂತಿತು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎನ್ನುತ್ತಾರೆ. ಅವಳು ಆ ದಿನ ಗಮನಿಸಿದ್ದು ಕೋಟಿನ ಹೆಗಲನ್ನು ಮಾತ್ರ.

ನಾಲ್ಕು ತಿಂಗಳಿಗೆ ಹಾಡು ಬಂತು. ಮೊದಲು ಕೆಳಗಿನ ಚಪ್ಪಲಿ ಅಂಗಡಿಯಲ್ಲಿ, ಆಮೇಲೆ ಬಸ್ಸುಗಳಲ್ಲಿ, ಆಮೇಲೆ ಎಲ್ಲರ ಬಾಯಲ್ಲಿ.

"ಕಣ್ಣಳತೆ ಸಾಕು ನಂಗೆ ಅಂಗಿ ಹೊಲಿಯೋಕೆ,
ತಂತಿಯಾಚೆ ನಿಂತ ನಿನ್ನ ತೋಳ ತುಂಬೋಕೆ."

ಮಿಷನ್ನಿನ ಪೆಡಲ್ ಮೇಲೆ ಅವಳ ಕಾಲು ನಿಂತುಹೋಯಿತು. ಮಾತು ಅವಳದು. ಉಳಿದದ್ದೆಲ್ಲ ಸುಳ್ಳು. ಹಾಡಿನಲ್ಲಿ ಇಪ್ಪತ್ತರ ಹುಡುಗಿ, ಬಿಳಿ ಬಟ್ಟೆ, ಕೈಯಲ್ಲಿ ದೀಪ. ಗಂಡನಲ್ಲ, ಪ್ರಿಯಕರ. ಅತ್ತೆ ಇಲ್ಲ, ಮಂಡಿನೋವಿಲ್ಲ, ನಲವತ್ತು ಮನೆಯವರ ಕಿರುಚಾಟವಿಲ್ಲ. ಕೊನೆಯ ಚರಣದಲ್ಲಿ ಪ್ರಿಯಕರ ಬೇಲಿಯತ್ತ ಓಡಿಬಂದು ಗುಂಡು ತಿಂದು ಸಾಯುತ್ತಾನೆ, ಅಲ್ಲಿಂದ ಕೊಳಲು. ಕೇಳಿದವರು ಕಣ್ಣೊರೆಸಿಕೊಂಡು ಇನ್ನೊಮ್ಮೆ ಹಾಕು ಎನ್ನುತ್ತಿದ್ದರು. ಕತ್ತರಿಯಕ್ಕನಿಗೆ ಮೈಯೆಲ್ಲ ಉರಿದುಹೋಯಿತು. ಬದುಕಿರುವ ಗಂಡನನ್ನು ಪ್ರಾಸಕ್ಕೋಸ್ಕರ ಕೊಂದಿದ್ದ! ಅಂದಿನಿಂದ ಆ ಹಾಡುಗಾರನಿಗೆ ಕೋಗಿಲೆ ಎಂದು ಹೆಸರಿಟ್ಟಳು. ಒಳ್ಳೆಯ ಕಂಠಕ್ಕೆ ಒಳ್ಳೆಯ ಹೆಸರು ಎಂದು ಗಿರಾಕಿಗಳು ಮೆಚ್ಚಿದರೆ, ಕೋಗಿಲೆ ಮೊಟ್ಟೆ ಇಡುವುದು ಯಾರ ಗೂಡಿನಲ್ಲಿ ಎಂದು ಕೇಳುವಳು.

ಇಷ್ಟಕ್ಕೇ ಮುಗಿದಿದ್ದರೆ ಅವಳು ಬೈದು ಸುಮ್ಮನಾಗುತ್ತಿದ್ದಳು. ಹಾಡು ಕೇಳಿದ ಜನ ಬೇಲಿ ನೋಡಲು ಬರತೊಡಗಿದರು. ಜೋಡಿ ಜೋಡಿಯಾಗಿ ಬಂದು ತಂತಿ ಹಿಡಿದುಕೊಂಡು, ಮುಖ ಬಾಡಿಸಿಕೊಂಡು ಫೋಟೋ ತೆಗೆಸಿಕೊಳ್ಳುವರು. ಮೊದಲನೆಯ ಭಾನುವಾರವೂ ಬಂದರು. ಗಂಡ ಆಚೆಯಿಂದ ಏನೋ ಹೇಳುತ್ತಿದ್ದಾಗ ಒಬ್ಬಳು ಬಂದು, ಆಂಟಿ ಸ್ವಲ್ಪ ಪಕ್ಕಕ್ಕೆ ಬರ್ತೀರಾ, ಫ್ರೇಮಿಗೆ ಅಡ್ಡ ಬರ್ತಿದ್ದೀರಿ ಎಂದಳು. ಬೆಕ್ಕಿಗೆ ಆಟ, ಇಲಿಗೆ ಪ್ರಾಣಸಂಕಟ. ಅದರ ಮುಂದಿನ ತಿಂಗಳು ಪ್ರೇಮಿಗಳಿಬ್ಬರು ವಿಡಿಯೋಗೋಸ್ಕರ ಬೇಲಿ ಹತ್ತಿದರು. ಎರಡೂ ಕಡೆ ಸೈರನ್ ಕೂಗಿತು. ಆ ಇಬ್ಬರಿಗೆ ಬುದ್ಧಿ ಹೇಳಿ ಮನೆಗೆ ಕಳಿಸಿದರು. ನಲವತ್ತು ಮನೆಯವರ ಭೇಟಿಯನ್ನು ಮುಂದಿನ ಆದೇಶದವರೆಗೆ ನಿಲ್ಲಿಸಿದರು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆಯುವುದು ಎಂದರೆ ಇದೇ.

ಭೇಟಿ ನಿಂತ ಮೂರನೆಯ ತಿಂಗಳಲ್ಲಿ ಅತ್ತೆಗೆ ಜ್ವರ ಬಂತು. ಮೊದಲ ದಿನದಿಂದಲೇ ಮಗನ ಹೆಸರು ಹಿಡಿದು ಕರೆಯತೊಡಗಿದರು. ಅವನಿಗೆ ಹೇಳಿದೆಯಾ, ಬರ್ತಾನಂತಾ ಎಂದು ಕೇಳುವರು. ಹೇಳಿದ್ದೇನೆ ಅತ್ತೆ, ಬರುತ್ತಾರೆ ಎನ್ನುವಳು. ಒಂಬತ್ತನೆಯ ದಿನ ಬೆಳಿಗ್ಗೆ ಸೊಸೆ ಗಂಜಿಯ ಬಟ್ಟಲು ಹಿಡಿದು ಬರುವಷ್ಟರಲ್ಲಿ ಉಸಿರು ನಿಂತಿತ್ತು. ನೆರೆಯವರು ಬಂದರು, ಆಗಬೇಕಾದ್ದೆಲ್ಲ ಆಯಿತು. ಅತ್ತೆಯ ಮಗ ಮೂರು ಮೈಲಿ ದೂರದಲ್ಲಿ ಯಾವುದೋ ಪಂಪು ಬಿಚ್ಚುತ್ತಾ, ಅಮ್ಮ ಚೆನ್ನಾಗಿದ್ದಾಳೆ ಎಂದುಕೊಂಡು ಓಡಾಡುತ್ತಿದ್ದ. ಅದನ್ನು ನೆನೆದರೆ ಅವಳಿಗೆ ಅಳುವಿಗಿಂತ ಮೊದಲು ಸಿಟ್ಟು ಬರುತ್ತಿತ್ತು. ಹೇಗಾದರೂ ಅವನಿಗೆ ಹೇಳಬೇಕು, ತಾನೇ ಹೇಳಬೇಕು. ಅವಳಿಗೆ ಬೇರೆ ಯೋಚನೆಯೇ ಉಳಿಯಲಿಲ್ಲ.

ಗೇಟಿನ ಕಚೇರಿಗೆ ಹೋದಳು. ಐದು ನಿಮಿಷ ಬಿಡಿ, ಬೇಲಿಯ ಹತ್ತಿರ ನಿಂತು ಒಂದು ಮಾತು ಕೂಗಿ ಬರುತ್ತೇನೆ ಎಂದಳು. ಸಾಹೇಬರು ಒಂದು ಫಾರಂ ಕೊಟ್ಟರು. ತುಂಬಿ ಕೊಟ್ಟದ್ದಕ್ಕೆ, ಮೃತರ ಮಗ ಈ ಕಡೆಯ ನಾಗರಿಕನಲ್ಲ, ವಿಷಯ ಈ ಕಚೇರಿಗೆ ಸಂಬಂಧಿಸಿದ್ದಲ್ಲ ಎಂದು ಬರೆದು ಮೊಹರು ಒತ್ತಿದರು. ಒತ್ತುವಾಗ ಅವರ ಮೂಗಿನಲ್ಲಿ ಸಣ್ಣಗೆ ರಾಗ ಗುನುಗುತ್ತಿತ್ತು. ಯಾವ ರಾಗವೆಂದು ಹೇಳಬೇಕಾಗಿಲ್ಲ.

ಆ ವಾರವೇ ಕೋಗಿಲೆಯ ಕಡೆಯ ಮ್ಯಾನೇಜರ್ ಮೆಟ್ಟಿಲು ಹತ್ತಿ ಬಂದ. ದೊಡ್ಡ ಮೈದಾನದಲ್ಲಿ ಕಾರ್ಯಕ್ರಮ, ರೇಡಿಯೋದಲ್ಲಿ ನೇರ ಪ್ರಸಾರ, ಗಡಿಯಾಚೆಯೂ ಲಕ್ಷಾಂತರ ಜನ ಕೇಳುತ್ತಾರೆ. ಹಾಡಿನ ನಿಜವಾದ ನಾಯಕಿ ಇವರೇ ಎಂದು ವೇದಿಕೆಗೆ ಕರೆಯುತ್ತೇವೆ, ಪ್ರೀತಿಗೆ ಗಡಿಯಿಲ್ಲ ಎಂದು ಒಂದು ಮಾತು ಹೇಳಿದರೆ ಸಾಕು. ಈ ಹಿಂದೆ ಎರಡು ಸಲ ಬಂದಿದ್ದ, ಎರಡು ಸಲವೂ ಅವಳು ಇಸ್ತ್ರಿಪೆಟ್ಟಿಗೆ ಎತ್ತಿ ತೋರಿಸಿದ್ದಳು. ಈ ಸಲ ಒಂದೇ ಪ್ರಶ್ನೆ ಕೇಳಿದಳು: ಆಚೆ ಕೇಳಿಸುವುದು ನಿಜವೇ? ಸ್ಪಷ್ಟವಾಗಿ, ಎಂದ. ಬರುತ್ತೇನೆ ಎಂದಳು.

ಹಾಕಿಕೊಳ್ಳಲು ಬಿಳಿ ಬಟ್ಟೆ ಕೊಟ್ಟರು. ಅದರ ಹೊಲಿಗೆ ನೋಡಿಯೇ ವಾಪಸು ಕೊಟ್ಟು, ಕೆಲಸದ ನೀಲಿ ಅಂಗಿಯಲ್ಲೇ ವೇದಿಕೆ ಹತ್ತಿದಳು. ಕೋಗಿಲೆ ಅವಳ ಕೈ ಹಿಡಿದು, ಇವರ ಕಣ್ಣೀರೇ ನನ್ನ ಹಾಡು ಎಂದ. ಅವನ ಎದುರು ಅವಳು ಒಂದು ಹನಿಯನ್ನೂ ಹಾಕಿರಲಿಲ್ಲ. ಅವಳು ಮೈಕನ್ನು ಅವನ ಕೈಯಿಂದ ತೆಗೆದುಕೊಂಡಳು.

"ರೀ, ನಾನು. ಅತ್ತೆ ಹೋದ್ರು. ಹದಿನೇಳನೇ ತಾರೀಖು ಬೆಳಿಗ್ಗೆ. ಜ್ವರ ಬಂದಿತ್ತು. ಎಲ್ಲ ನಾನೇ ನಿಂತು ಮಾಡಿಸಿದ್ದೀನಿ, ಏನೂ ಕಮ್ಮಿ ಆಗಿಲ್ಲ. ನೀವು ಒಬ್ರೇ ಕೂತ್ಕೊಂಡು ಯೋಚನೆ ಮಾಡ್ಬೇಡಿ, ಹೊತ್ತಿಗೆ ಸರಿಯಾಗಿ ಊಟ ಮಾಡಿ."

ಮೈದಾನ ಒಂದು ಕ್ಷಣ ತಬ್ಬಿಬ್ಬಾಯಿತು. ಆಮೇಲೆ ಯಾರೋ ಚಪ್ಪಾಳೆ ತಟ್ಟಿದರು, ಎಲ್ಲರೂ ತಟ್ಟಿದರು, ಸಾವಿರಾರು ಫೋನುಗಳ ಬೆಳಕು ಮೇಲೆದ್ದಿತು. ಸಾವಿಗೆ ಚಪ್ಪಾಳೆ ಬಿದ್ದದ್ದನ್ನು ಅವಳು ಮೊದಲ ಸಲ ಕಂಡಳು. ಮೈಕು ಕೆಳಗಿಟ್ಟು, ಕೋಗಿಲೆಯ ಮುಖವನ್ನೂ ನೋಡದೆ ಇಳಿದುಬಂದಳು. ಹಾಳಾಗಿ ಹೋಗಲಿ, ನಮ್ಮವರಿಗೆ ತಲುಪಿತಲ್ಲ, ಅಷ್ಟು ಸಾಕು ಎಂದುಕೊಂಡಳು. ಆ ರಾತ್ರಿ ಅತ್ತೆ ಸತ್ತಮೇಲೆ ಮೊದಲ ಸಲ ನಿದ್ದೆ ಮಾಡಿದಳು.

ಇನ್ನೂ ಕೆಲವು ವಾರ ಕಳೆದ ಮೇಲೆ ಭೇಟಿ ಮತ್ತೆ ಶುರುವಾಯಿತು. ನಲವತ್ತು ಮನೆಯವರ ಮೇಲಿನ ಕರುಣೆಯಿಂದಲ್ಲ. ನೋಡಲು ಬರುವ ಜನ ಹೆಚ್ಚಾಗಿದ್ದರು, ಅವರಿಗೊಂದು ವ್ಯವಸ್ಥೆ ಬೇಕಿತ್ತು. ಬೇಲಿಯಿಂದ ಹತ್ತು ಹೆಜ್ಜೆ ಹಿಂದೆ ಮೆಟ್ಟಿಲು ಮೆಟ್ಟಿಲಾಗಿ ಆಸನ ಕಟ್ಟಿಸಿ, ಮೇಲೆ ನೆರಳಿಗೆ ತಗಡು ಹೊದಿಸಿದ್ದರು. ಭೇಟಿಗೆ ಬಂದವರಿಗೆ ನೆರಳಿರಲಿಲ್ಲ. ನೋಡುವವರಿಗೆ ಇತ್ತು.

ಮೊದಲನೆಯ ಭಾನುವಾರ ಹತ್ತು ಗಂಟೆಗೆ ಗೇಟು ತೆರೆದಾಗ ಅವಳು ಎಲ್ಲರಿಗಿಂತ ಮುಂದೆ ಓಡಿದಳು. ಆಚೆಯ ಬೇಲಿಯಲ್ಲಿ ಅವನು ಆಗಲೇ ನಿಂತಿದ್ದ. ನಗುತ್ತಿದ್ದ. ಅವಳಿಗೆ ಕೋಪ ನೆತ್ತಿಗೇರಿತು. ಹೆತ್ತ ತಾಯಿ ಸತ್ತು ಎರಡು ತಿಂಗಳಾಗಿಲ್ಲ, ಇವರಿಗೆ ನಗು ಬೇರೆ ಎಂದುಕೊಂಡಳು. ಅಷ್ಟರಲ್ಲಿ ಅವನು ಬಾಯಿಗೆ ಕೈ ಅಡ್ಡ ಹಿಡಿದು ಕೂಗಿದ. ಮೂರನೆಯ ಸಲಕ್ಕೆ ಅವಳಿಗೆ ಕೇಳಿಸಿತು.

"ಅಮ್ಮನ ಮಂಡಿನೋವು ಹೇಗಿದೆ?"

ರೇಡಿಯೋ ಎಂದು ಕೂಗಿದಳು, ರೇಡಿಯೋ ಕೇಳಲಿಲ್ಲವೇ ಎಂದಳು. ಕೇಳಿದೆ ಎಂದು ಅವನು ತಲೆಯಾಡಿಸಿದ. ನಿನ್ನ ದನಿ ಬಂತು, ರೀ ಅಂದೆ, ನಾನು ಅಂದೆ, ಆಮೇಲೆ ಹಾಡು ಬಂತು, ಬೀದಿಯವರನ್ನೆಲ್ಲ ಕರೆದು ಹೇಳಿದೆ, ಎಂದು ಅವನು ತುಂಡು ತುಂಡಾಗಿ ಕೂಗಿದ್ದನ್ನು ಅವಳು ಜೋಡಿಸಿಕೊಂಡಳು. ನೇರ ಪ್ರಸಾರವೆಂದದ್ದು ಹೆಸರಿಗಷ್ಟೇ, ಕೆಲವು ಕ್ಷಣ ತಡೆದು ಕತ್ತರಿಸಿದ್ದರು. ಬಟ್ಟೆಯನ್ನು ಅಳೆದು ಕತ್ತರಿಸುವಂತೆ, ತಮಗೆ ಬೇಕಾದ ಎರಡು ಮಾತು ಇಟ್ಟುಕೊಂಡು ಉಳಿದದ್ದನ್ನು ಬಿಸಾಡಿ, ಮೇಲೆ ಹಾಡು ಹಾಕಿದ್ದರು. ಸಾವಿನ ಸುದ್ದಿ ಅವರ ಹಾಡಿಗೆ ಹೊಂದಿರಲಿಲ್ಲ.

ಅವಳು ಅತ್ತೆ ತೀರಿಹೋದರು ಎಂದು ಕೂಗಿದಳು. ಅವನು ಕಿವಿಗೆ ಕೈ ಹಿಡಿದ. ಮತ್ತೆ ಕೂಗಿದಳು. ಪಕ್ಕದ ಮನೆಯವರು ಮಗುವಿನ ಶಾಲೆಯ ಸುದ್ದಿ ಕೂಗುತ್ತಿದ್ದರು, ಆ ಕಡೆಯ ಮುದುಕ ಯಾರದೋ ಹೆಸರನ್ನಷ್ಟೇ ಕೂಗುತ್ತಿದ್ದ. ಅವರ ಮೇಲೆ ಸಿಟ್ಟು ಮಾಡುವಂತಿಲ್ಲ, ಅದು ಅವರ ಗಂಟೆ. ಅಷ್ಟರಲ್ಲಿ ಹಿಂದಿನ ಮೆಟ್ಟಿಲ ಮೇಲೆ ಯಾರೋ ಹಾಡು ಶುರು ಮಾಡಿದರು. ಕಣ್ಣಳತೆ ಸಾಕು ನಂಗೆ. ಇನ್ನೂರು ಜನ ತಗಡಿನ ನೆರಳಲ್ಲಿ ಕೂತು ಕೈಯಾಡಿಸುತ್ತಾ ಹಾಡತೊಡಗಿದರು. ಬೇಲಿಯ ಈ ಕಡೆಯವರಿಗೆ ತಮ್ಮ ಮಾತೇ ತಮಗೆ ಕೇಳದಂತಾಯಿತು. ಅವನು ಏನೆಂದು ಕೈಸನ್ನೆ ಮಾಡುತ್ತಿದ್ದ, ಇನ್ನೂ ನಗುತ್ತಲೇ ಇದ್ದ.

ಕತ್ತರಿಯಕ್ಕ ಗಂಡನಿಗೆ ಬೆನ್ನು ಹಾಕಿ ತಿರುಗಿದಳು. ಹನ್ನೊಂದು ವರ್ಷದಲ್ಲಿ ಆ ಗಂಟೆಯೊಳಗೆ ಅವಳು ಅವನಿಗೆ ಬೆನ್ನು ಹಾಕಿದ್ದು ಅದೇ ಮೊದಲು. ಹತ್ತು ಹೆಜ್ಜೆ ದಾಪುಗಾಲು ಹಾಕಿ, ಮೆಟ್ಟಿಲ ಮೊದಲ ಸಾಲಿನ ಮುಂದೆ ನಿಂತು, ಅಷ್ಟು ವರ್ಷ ಕಿರುಚಿ ಕಿರುಚಿ ಗಟ್ಟಿಯಾಗಿದ್ದ ಗಂಟಲನ್ನು ಪೂರ್ತಿ ತೆರೆದಳು.

"ನಮ್ಮತ್ತೆ ಸತ್ತು ಎರಡು ತಿಂಗಳಾಗ್ತಾ ಬಂತು. ಮಗನಿಗೆ ಇನ್ನೂ ಗೊತ್ತಿಲ್ಲ. ನಾನು ಹೇಳ್ಬೇಕು. ನಿಮ್ಮ ಹಾಡು ನಿಲ್ಸಿ, ಬಾಯಿ ಮುಚ್ಕೊಂಡು ಕೂತ್ಕೊಳ್ಳಿ."

ಹಾಡು ನಿಂತಿತು. ಎತ್ತಿದ ಕೈಗಳು ಇಳಿದವು. ಉಳಿದ ಮೂವತ್ತೊಂಬತ್ತು ಮನೆಯವರೂ ಬಾಯಿ ಮುಚ್ಚಿದರು, ಆಚೆಯವರೂ. ಆ ಜಾಗ ಅಷ್ಟು ನಿಶ್ಶಬ್ದವಾಗಿದ್ದನ್ನು ಅಲ್ಲಿನ ಕಾವಲುಗಾರರೂ ಕಂಡಿರಲಿಲ್ಲ. ಅವಳು ತಿರುಗಿ ಬೇಲಿಯ ಹತ್ತಿರ ಬಂದಳು. ಹೇಗೆ ಹೇಳಬೇಕೆಂದು ಆ ಹತ್ತು ಹೆಜ್ಜೆಯುದ್ದಕ್ಕೂ ಜೋಡಿಸಿಕೊಂಡಿದ್ದ ಮಾತೆಲ್ಲ ನಾಲಿಗೆಯ ತುದಿಗೆ ಬಂದಿತ್ತು. ಅದು ಬೇಕಾಗಲಿಲ್ಲ. ಅವನು ಎರಡೂ ಕೈಯಲ್ಲಿ ತಂತಿ ಹಿಡಿದು ನಿಂತಿದ್ದ, ಮುಖದಲ್ಲಿ ನಗು ಇರಲಿಲ್ಲ. ಇನ್ನೂರು ಜನರಿಗೆ ಹೇಳಿದ್ದನ್ನು ಅವನೂ ಕೇಳಿಸಿಕೊಂಡಿದ್ದ.

ಆಮೇಲೆ ಕೂಗದೆ, ಮನೆಯ ಕೋಣೆಯಲ್ಲಿ ಕೇಳುವ ದನಿಯಲ್ಲಿ ಕೇಳಿದ.

"ನನ್ನ ಕೇಳಿದ್ಲಾ?"

ಬೇರೆ ಯಾರಾದರೂ ಆಗಿದ್ದರೆ, ಇಲ್ಲ, ನೆಮ್ಮದಿಯಾಗಿ ಹೋದರು ಎಂದು ಒಂದು ಸುಳ್ಳು ಹೇಳುತ್ತಿದ್ದರೇನೋ. ಅದು ಅವಳ ಬಾಯಿಗೂ ಬಂತು. ಆದರೆ ಎರಡೂ ಕಡೆಯ ಸಾಹೇಬರುಗಳು ಕಚೇರಿಯಿಂದ ಹೊರಗೆ ಬಂದು ನಿಂತಿದ್ದರು, ಹಿಂದೆ ಇನ್ನೂರು ಜನ ಉಸಿರು ಬಿಗಿಹಿಡಿದು ಕೂತಿದ್ದರು, ಎಲ್ಲರ ಕಿವಿಯೂ ತೆರೆದಿತ್ತು.

"ಒಂಬತ್ತು ದಿನ ಕೇಳಿದ್ರು," ಎಂದಳು.

ಅವನು ತಲೆಯನ್ನು ತಂತಿಗೆ ಆನಿಸಿದ. ಅವಳು ಈ ಕಡೆ ಅವನ ಎದುರಿಗೆ ನಿಂತೇ ಇದ್ದಳು. ಗಂಟೆ ಮುಗಿಯಲು ಇನ್ನೂ ಅರ್ಧ ಗಂಟೆ ಇತ್ತು, ಯಾರೂ ಹಾಡಲಿಲ್ಲ.